ನಿಂಬಿಹಣ್ಣು, ಸ್ಟಾಪ್‌ವಾಚು ಮತ್ತ ಜೆಇ ಸಾಹೇಬ್ರು

ನಮ್ಮ ಸಿಂಧನೂರು ಕಡಿ ಸಾಲಿಗೆ ಯಾರರ ದಾನ ಕೊಟ್ರು ಅಂದ್ರ ಅದು ಕುರ್ಚಿ, ಫ್ಯಾನು, ಇಲ್ಲಾ ಗೋಡಿ ಗಡಿಯಾರ, ಅದರ ಮ್ಯಾಲೆ ಕೆಂಪು ಬಣ್ಣದಾಗ ಕೊಟ್ಟಾವ್ರ ಹೆಸ್ರು. ತಪ್ಪೇನಲ್ಲ ಬಿಡ್ರಿ, ಆ ಫ್ಯಾನಿನ ಕೆಳಗ ಕುಂತೇ ನಾವು ಎಸ್ಸೆಸ್ಸೆಲ್ಸಿ ಪಾಸಾಗೀವಿ. ಆದ್ರ ನನಗ ಜಾಸ್ತಿ ನೆನಪಿರೋದು ಭಾನುವಾರ ಬೈಕ್ ಮ್ಯಾಲೆ ಬರ್ತಿದ್ದ ನೀರಾವರಿ ಇಲಾಖಿ ಜೆಇ (ಜೂನಿಯರ್ ಎಂಜಿನಿಯರ್) ಸಾಹೇಬ್ರು.

ಅವರನ್ನ ಹಿಡ್ಕೊಂಡು ಬಂದಾವ್ರು ನಮ್ಮ ವಿಜ್ಞಾನದ ಸರ್. ಸರ್ ಸಣ್ಣಾವರಿದ್ದಾಗ, 1980ರ ಫೆಬ್ರವರಿ 16ಕ್ಕ ಖಗ್ರಾಸ ಸೂರ್ಯಗ್ರಹಣ ಆತಲ್ಲ, ಆಗ ನಮ್ಮ ಜವಳಗೇರಾದಾಗ ವಿಜ್ಞಾನಿಗಳು ಕ್ಯಾಂಪ್ ಹಾಕಿದ್ರು, ಮಂದಿ ಬಾಗಲಾ ಹಾಕ್ಕೊಂಡು ಒಳಗ ಕುಂತ್ರ ಇವರು ಮನ್ಯಾಗ ಹೇಳಲಾರದ ಸೈಕಲ್ ಹೊಡ್ಕೊಂಡು ಹೋಗಿ ದೂರದಿಂದ ನೋಡಿ ಬಂದಿದ್ರಂತ, ಯಾರೂ ಕರದು ಮಾತಾಡ್ಸಲಿಲ್ಲಂತ. ಅದಕ್ಕೋ ಏನೋ, ಕೆಲಸ ಬಲ್ಲ ಮನಷ್ಯಾ ಯಾರು ಸಿಕ್ರೂ ‘ಒಂದ್ಸಲ ನಮ್ಮ ಹುಡುಗ್ರ ಹತ್ರ ಬರ್ರಿ’ ಅಂತ ಗಂಟು ಬೀಳ್ತಿದ್ರು.

1993ರಿಂದ ದೇಶದ ತುಂಬ ಮಕ್ಕಳ ವಿಜ್ಞಾನ ಸಮಾವೇಶ ನಡೀತಾವ, ಒಂದ್ ವರ್ಷ ನಾವೂ ಹೆಸ್ರು ಕೊಟ್ವಿ. ಥರ್ಮಾಕೋಲ್ ಡ್ಯಾಮ್ ಮಾಡಿ ಬಲ್ಬ್ ಹತ್ತಿಸೋದು ನಮ್ಮ ಪ್ಲಾನು. ಜೆಇ ಸಾಹೇಬ್ರು ನಕ್ಕು, ‘ಏ ತಮ್ಮ, ಬಾಜೂಕ ಖರೇ ಕಾಲುವೀನ ಹರೀತೈತಿ, ಮಾಡೆಲ್ ಯಾಕೋ?’ ಅಂದ್ರು. ತುಂಗಭದ್ರಾ ಎಡದಂಡೆದ್ದು ಒಂದು ಸಣ್ಣ ವಿತರಣಾ ಕಾಲುವಿ ಅದು. ದಂಡಿ ಮ್ಯಾಲೆ 20 ಮೀಟರ್ ಅಳದು ಎರಡೂ ಕಡಿ ಗೂಟ ಹೊಡದ್ವಿ, ಮ್ಯಾಲಿಂದ ನಿಂಬಿಹಣ್ಣು ಬಿಟ್ವಿ, 40 ಸೆಕೆಂಡಿಗೆ ಕೆಳಗಿನ ಗೂಟ ದಾಟ್ತು. ಅಂದ್ರ ಸೆಕೆಂಡಿಗೆ ಅರ್ಧ ಮೀಟರ್. ಅಗಲ 3 ಮೀಟರ್, ಆಳ 0.6, ಗುಣಿಸಿ ಸೆಕೆಂಡಿಗೆ 0.9 ಘನ ಮೀಟರ್ ನೀರು ಅಂತ ಬರದು ಕುಣದಾಡಿದ್ವಿ. ‘ತಡೀರಿ, ನಿಂಬಿಹಣ್ಣು ಮ್ಯಾಲೆ ತೇಲ್ತೈತಿ, ತಳದಾಗ, ದಂಡೀಗುಂಟ ನೀರು ಮಣ್ಣಿಗೆ ತಿಕ್ಕಾಡಿ ನಿಧಾನ ಹೋಗ್ತೈತಿ, 0.85ರಿಂದ ಗುಣಸ್ರಿ’ ಅಂದ್ರು. ಗುಣಿಸಿದ್ರ ಸೆಕೆಂಡಿಗೆ 765 ಲೀಟರ್, ಅಂದ್ರ 27 ಕ್ಯೂಸೆಕ್ (ಸೆಕೆಂಡಿಗೆ 27 ಘನ ಅಡಿ). ಕ್ಯೂಸೆಕ್ ಅಂತ ಅಪ್ಪ, ಕಾಕಾ ದಿನಾ ಜಗಳ ಆಡೋದು ಕೇಳಿದ್ವಿ, ಕೈಯಾರೆ ಅಳದಿದ್ದು ಅವತ್ತ.

ಕೆಳಗ ಟೇಲೆಂಡಿಗೆ, ಅಂದ್ರ ಕಾಲುವಿ ಕೊನೀಗೆ ಹೋಗಿ ಅಳದ್ರ ಅರ್ಧಾನೂ ಇಲ್ಲ. ನಮಗ ಸಿಟ್ಟು ಬಂದು ‘ನೀರುಗಳ್ಳರು’ ಅಂತ ಹೆಡ್ಡಿಂಗ್ ಬರಿಯಾಕ ಕುಂತ್ರ, ನಡುವಿನ ತೂಬುಗಳ ಪಾಲಿನ ನೀರು ಮೊದ್ಲು ಕಳೀರಿ, ಉಳದದ್ದಕ್ಕ ಲೆಕ್ಕ ಕೇಳ್ರಿ ಅಂದ್ರು ಸಾಹೇಬ್ರು. ತೂಬು ಎಣಿಸ್ಕೋತ ಬಿಸಿಲಾಗ ನಡದ್ವಿ.

ಸಮಾವೇಶಕ್ಕ ರಾಯಚೂರಿಗೆ ಹೋಗೋ ಬಸ್ ಚಾರ್ಜು, ಊಟ ಎಲ್ಲಾ ಒಬ್ಬ ರೈಸ್ ಮಿಲ್ ಸಾಹುಕಾರ್ರು ಕೊಟ್ರು, ಜೊತಿಗೆ ಅವರ ಫೋಟೋ ಇರೋ ಬ್ಯಾನರ್ರೂ ಬಂತು, ನಮ್ಮ ಪ್ರಾಜೆಕ್ಟಿನ ಖರ್ಚಿಗಿಂತ ಆ ಬ್ಯಾನರ್ರೇ ತುಟ್ಟಿ ಇರಬೇಕು. ಇರಲಿ, ಅವರು ಕೊಡದಿದ್ರ ಊರು ದಾಟ್ತಿರ್ಲಿಲ್ಲ. ಪ್ರೈಜ್ ಬರ್ಲಿಲ್ಲ, ಆದ್ರ ಜಡ್ಜ್ 0.85 ಯಾಕ ಅಂತ ಕೇಳಿದಾಗ ನಮ್ಮ ಗುಂಪಿನ ಹುಡುಗಿ ನೀಟಾಗಿ ಹೇಳಿದ್ಲು.

ಈಗ ರೊಕ್ಕದ ದಾರಿ ಮೊದಲಿನಕಿಂತ ಚಲೋ ಅದಾವ. ಸಾಲಿ ಹುಡುಗ್ರ ಹೊಸ ಐಡಿಯಾಕ್ಕ ರೊಕ್ಕ ಕೊಡೋ ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆದಾಗ ಆಯ್ಕೆ ಆದ್ರ ಹುಡುಗ್ರ ಖಾತೆಗೇ 10,000 ರೂಪಾಯಿ ಬೀಳ್ತೈತಿ, ಸಾಲ್ಯಾಗ ಹುಡುಗ್ರು ಕೈಯಾರೆ ಮಾಡಿ ಕಲಿಯೋ ಅಟಲ್ ಟಿಂಕರಿಂಗ್ ಲ್ಯಾಬಿಗೆ 20 ಲಕ್ಷದ ತನಕ ಕೊಡ್ತಾರ. ಆದ್ರ ನಾನು ಹೋದ ಒಂದ್ ಕಡಿ ತ್ರೀಡಿ ಪ್ರಿಂಟರ್‌ಗೆ ಬಟ್ಟಿ ಹೊಚ್ಚಿ ಇಟ್ಟಿದ್ರು, ಧೂಳು ಕುಂದ್ರಬಾರ್ದಂತ! ಮಾಸ್ತರಿಗೆ ಕಲಿಸಾವ್ರಿಲ್ಲ, ಹುಡುಗ್ರಿಗೆ ಮುಟ್ಟಾಕ ಬಿಡಂಗಿಲ್ಲ. ಅದಕ್ಕ ಹಳೇ ವಿದ್ಯಾರ್ಥಿಗಳ ಗ್ರೂಪಿನಾಗ ಪ್ರೊಜೆಕ್ಟರ್ ಕೊಡ್ಸೋಣ ಅಂತ ಮಾತು ಬಂದಾಗೆಲ್ಲ ಸಾಮಾನಕಿಂತ ಕಲಿಸಾವ್ರು ಬೇಕು ಅಂತ ನಾನು ಅಡ್ಡ ಮಾತಾಡ್ತೀನಿ, ಕೆಲವರಿಗೆ ಬ್ಯಾಸರಾನೂ ಆಗೈತಿ.

ಈ ಸಲದ ಹುಡುಗ್ರು ಹಳೇ ಬೋರ್‌ವೆಲ್ ಮೋಟರ್ ಬಿಚ್ಚಿ ಯಾಕ ಸುಡ್ತಾವ ಅಂತ ನೋಡಾಕತ್ಯಾರ. ಕೆಟ್ಟ ಮೋಟರ್ ಮಿಲ್ಲಿನವರು ಕೊಟ್ಟಾರ. ವೈಂಡಿಂಗ್ (ಮೋಟರಿಗೆ ತಂತಿ ಸುತ್ತೋ ಕೆಲಸ) ಬಲ್ಲಾವ್ರು ಎರಡು ಭಾನುವಾರ ಬೇಕಾಗ್ಯಾರ, ನಮ್ಮ ಬ್ಯಾಚಿನಾಗ ಯಾರರ ಇದ್ರ ಹೆಡ್‌ಮಾಸ್ಟ್ರ ಹತ್ರ ಹೆಸ್ರು ಕೊಡ್ರಿ, ಬರೋವಾಗ ಮೆಗ್ಗರ್ (ತಂತಿ ಇನ್ಸುಲೇಶನ್ ಪರೀಕ್ಷೆ ಮಾಡೋ ಮೀಟರ್) ತರ್ರಿ, ಸಾಲ್ಯಾಗ ಇಲ್ಲ.