ನನ್ನ ಹೆಸರಿನಲ್ಲಿ ಒತ್ತಕ್ಷರವಿಲ್ಲ

ಅಪ್ರೈಸಲ್ ಫಾರ್ಮ್ ತುಂಬಲು ಶುಕ್ರವಾರ ಕೊನೆಯ ದಿನ. ಬುಧವಾರ ಬೆಳಿಗ್ಗೆ ಸಿಲ್ಕ್ ಬೋರ್ಡ್ ಹತ್ತಿರ ಕ್ಯಾಬ್ ನಿಂತಲ್ಲೇ ನಿಂತಿದ್ದಾಗ ಮೊಬೈಲಿನಲ್ಲೇ ಅದನ್ನು ತೆರೆದೆ. ಆರು ಪ್ರಶ್ನೆಗಳಲ್ಲಿ ಐದಕ್ಕೆ ಬರೆದಾಗಿತ್ತು. ಉಳಿದದ್ದು ಒಂದು: ಕಂಪನಿಯ ಹೊರಗೆ ನಿಮ್ಮ ವಿಸಿಬಿಲಿಟಿ ಏನು?

ಹೋದ ವರ್ಷ ನನ್ನ ಪ್ರಮೋಷನ್ ನಿಂತದ್ದು ಇದೇ ಪದಕ್ಕೆ. ‘ಕೆಲಸದ ಬಗ್ಗೆ ಎರಡು ಮಾತಿಲ್ಲ, ಆದ್ರೆ ವಿಸಿಬಿಲಿಟಿ ಸಾಲದು’ ಎಂದಿದ್ದರು ಮ್ಯಾನೇಜರ್. ಅಲ್ಲಿಂದ ನನ್ನ ಲಿಂಕ್ಡ್‌ಇನ್ ವ್ರತ ಶುರುವಾಯಿತು. ವಾರಕ್ಕೆ ಎರಡು ಪೋಸ್ಟ್. ಒಂದು ಸಾಲು ಬರೆಯುವುದು, ಒಂದು ಸಾಲು ಖಾಲಿ ಬಿಡುವುದು, ಮತ್ತೊಂದು ಸಾಲು ಬರೆಯುವುದು. ಬೆಳಿಗ್ಗೆ ಒಂಬತ್ತಕ್ಕೆ ಹಾಕಿದರೆ ಜಾಸ್ತಿ ಜನ ನೋಡುತ್ತಾರೆ ಅಂತ ಯಾರೋ ಹೇಳಿದ್ದಕ್ಕೆ ಅಲಾರಾಂ ಬೇರೆ. ಒಂದು ದಿನ ಹೆಂಡತಿ ನನ್ನ ಪೋಸ್ಟ್ ಓದಿ, ಫೋನ್ ನನ್ನತ್ತ ತಿರುಗಿಸಿ, ‘ಇದು ಯಾರು?’ ಅಂದಳು.

ಆ ಪ್ರೊಫೈಲಿನಲ್ಲಿ ಹೆಸರಿನ ಕೆಳಗೆ ಹಾಕಿಕೊಂಡದ್ದು ‘ಭಾರತೀಯ ಭಾಷಾ ತಂತ್ರಜ್ಞಾನ ಪರಿಣತ’ ಎಂದು. ಇದಕ್ಕೆ ಇದ್ದ ಆಧಾರ ಒಂದೇ ಒಂದು.

2014ರಲ್ಲಿ ನಾನು ಒಂದು ಸರ್ವಿಸ್ ಕಂಪನಿಯಲ್ಲಿ ಬೆಂಚ್ ಮೇಲಿದ್ದೆ. ಬೆಂಚ್ ಅಂದರೆ ಸಂಬಳ ಉಂಟು, ಪ್ರಾಜೆಕ್ಟ್ ಇಲ್ಲ. ಯಾವಾಗ ಕರೆ ಬರುತ್ತದೋ, ಯಾವಾಗ ಮನೆಗೆ ಕಳಿಸುತ್ತಾರೋ ಗೊತ್ತಿಲ್ಲ. ಬಿಟಿಎಂ ಲೇಔಟಿನ ಪಿಜಿ ರೂಮಿನಲ್ಲಿ ಕೂತು, ಪ್ರೋಗ್ರಾಮರುಗಳು ಪ್ರಶ್ನೆ ಕೇಳಿ ಉತ್ತರ ಪಡೆಯುವ ಜಾಲತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕಂಡಕಂಡ ಪ್ರಶ್ನೆಗೆಲ್ಲ ಉತ್ತರ ಬರೆಯುತ್ತಿದ್ದೆ. ಒಂದು ಮತಕ್ಕೆ ಹತ್ತು ಪಾಯಿಂಟ್, ಉತ್ತರ ಒಪ್ಪಿಗೆಯಾದರೆ ಹದಿನೈದು. ಆ ದಿನಗಳಲ್ಲಿ ನನಗೆ ಶಹಬ್ಬಾಸ್ ಅನ್ನುತ್ತಿದ್ದ ಏಕೈಕ ಜಾಗ ಅದು. ಯಾರೋ ಕೇಳಿದ್ದರು: ಕನ್ನಡ ಹೆಸರಿನ ಮೊದಲ ಅಕ್ಷರ ತೆಗೆಯುವುದು ಹೇಗೆ? ‘ಗೀತಾ’ ಕೊಟ್ಟರೆ ‘ಗ’ ಬರುತ್ತಿದೆ, ನನಗೆ ‘ಗೀ’ ಬೇಕು.

ನಾಲ್ಕು ಸಾಲಿನ ಕೋಡ್ ಬರೆದೆ. ಒಂದು ವ್ಯಂಜನ, ಅದರ ಬೆನ್ನಿಗೆ ಎಷ್ಟು ಚಿಹ್ನೆಗಳು ಬಂದರೂ ಜೊತೆಗೆ ಎತ್ತಿಕೊಳ್ಳುವುದು. ನನ್ನ ಹೆಸರು ಹಾಕಿ ನೋಡಿದೆ, ಸರಿಯಾಗಿ ಬಂತು. ಅಂಟಿಸಿದೆ. ಒಪ್ಪಿಗೆಯ ಹಸಿರು ಟಿಕ್ ಬಿತ್ತು. ಮುಂದೆ ಇಂಟರ್‌ವ್ಯೂಗಳಲ್ಲಿ ಆ ಉತ್ತರದ ಬಗ್ಗೆ ಮಾತು ಬಂತು, ಈಗಿನ ಕೆಲಸ ಸಿಕ್ಕಿದ್ದರಲ್ಲೂ ಅದರ ಪಾಲಿದೆ. ಹನ್ನೊಂದು ವರ್ಷದಿಂದ ತಿಂಗಳಿಗೊಂದೋ ಎರಡೋ ಮತ ಬರುತ್ತಲೇ ಇದೆ. ಊರಲ್ಲಿ ಅಜ್ಜ ನೆಟ್ಟ ತೆಂಗಿನ ಮರದ ಹಾಗೆ, ನೀರು ಹಾಕದಿದ್ದರೂ ಕಾಯಿ.

ಫಾರ್ಮಿನ ಆರನೇ ಪ್ರಶ್ನೆಗೆ ಅದನ್ನೇ ಬರೆದೆ. ಕ್ಯಾಬ್ ಮುಂದಕ್ಕೆ ಹೋಯಿತು.

ಆಫೀಸಿನಲ್ಲಿ ನನಗಾಗಿ ಒಂದು ಪುಲ್ ರಿಕ್ವೆಸ್ಟ್ ಕಾಯುತ್ತಿತ್ತು, ಅಂದರೆ ಸಹೋದ್ಯೋಗಿ ಬರೆದ ಕೋಡ್, ನಾನು ನೋಡಿ ಒಪ್ಪಿದರೆ ಸೇರುವಂಥದ್ದು. ನಮ್ಮದು ಸಹಕಾರ ಸಂಘಗಳು ಬಳಸುವ ಆ್ಯಪ್. ಸದಸ್ಯರ ಪಟ್ಟಿಯಲ್ಲಿ ಫೋಟೋ ಇಲ್ಲದವರಿಗೆ ಬಣ್ಣದ ವೃತ್ತ, ಅದರೊಳಗೆ ಹೆಸರಿನ ಮೊದಲ ಅಕ್ಷರ. ತಂಡಕ್ಕೆ ಸೇರಿ ಎಂಟು ತಿಂಗಳಾದ ಹುಡುಗಿ ಮಾಡಿದ ಕೆಲಸ. ಮೊದಲು ಕೋಡ್ ನೋಡದೆ, ಪ್ರಯೋಗಕ್ಕೆಂದಿರುವ ಸ್ಟೇಜಿಂಗ್ ಸರ್ವರ್‌ನಲ್ಲಿ ಪಟ್ಟಿಯನ್ನೇ ತೆರೆದೆ. ನನ್ನ ಅಭ್ಯಾಸ ಅದು. ಅ, ಆ, ಗೀ, ಮಂ, ಎಲ್ಲ ಚೆನ್ನಾಗಿದೆ. ‘ಪ್ರೇಮಾ’ ಬಳಿ ಬಂದಾಗ ವೃತ್ತದಲ್ಲಿ ‘ಪ್’. ಇನ್ನೂ ಕೆಳಗೆ ಸರಿಸಿದೆ. ಶ್ರೀಕಂಠಪ್ಪ, ಶ್ರೀದೇವಿ, ಶ್ರೀಧರ, ಶ್ರೀನಿವಾಸ, ಶ್ರುತಿ. ಪರದೆಯ ಎಡಗಡೆ ಉದ್ದಕ್ಕೂ ಒಂದರ ಕೆಳಗೊಂದು ವೃತ್ತ: ಶ್, ಶ್, ಶ್, ಶ್, ಶ್. ಇಡೀ ಸಂಘವೇ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸುತ್ತಿದೆ.

ನಾನು ಸುಮ್ಮನಿರಲಿಲ್ಲ. ರಿವ್ಯೂನಲ್ಲಿ ಕಮೆಂಟ್ ಬರೆದೆ: ‘ಈ ಕೋಡ್ ಬರೆದವರಿಗೆ ಕನ್ನಡ ಓದಲು ಬರುತ್ತದೆಯೇ?’ ಎಂಟರ್ ಒತ್ತಿದೆ. ಆಮೇಲೆ, ಅಂದರೆ ಮೊದಲೇ ಮಾಡಬೇಕಿದ್ದದ್ದನ್ನು ಆಮೇಲೆ, ಕೋಡ್ ಓದಿದೆ.

ನಾಲ್ಕೇ ಸಾಲು. ಅದರಲ್ಲಿ ಒಂದು ವೇರಿಯಬಲ್ಲಿಗೆ ‘ಮೊದಲಕ್ಷರ’ ಅಂತ ಇಂಗ್ಲಿಷ್ ಲಿಪಿಯಲ್ಲಿ ಹೆಸರು, ಎಲ್ ಒಂದು ಬೇಕಿದ್ದಲ್ಲಿ ಎರಡಿವೆ. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದ ನನ್ನ ಹಳೆಯ ಲ್ಯಾಪ್‌ಟಾಪಿನ ಎಲ್ ಕೀ ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತಿತ್ತು.

ಕಮೆಂಟ್ ಅಳಿಸಿದೆ. ಅಳಿಸಿ ಏನು ಪ್ರಯೋಜನ, ತಂಡದ ಅಷ್ಟೂ ಜನರಿಗೆ ಇಮೇಲ್ ಹೋಗಿಯಾಗಿತ್ತು.

ನನ್ನ ಉತ್ತರವನ್ನು ತೆರೆದು ನೋಡಿದೆ. ಮತಗಳ ಸಂಖ್ಯೆಯನ್ನು ಎಷ್ಟೋ ಸಲ ನೋಡಿದ್ದೇನೆ, ಉತ್ತರವನ್ನು ಓದಿ ವರ್ಷಗಳಾಗಿದ್ದವು. ಕೆಳಗೆ ಸಣ್ಣ ಅಕ್ಷರದಲ್ಲಿ 2016ರ ಒಂದು ಟಿಪ್ಪಣಿ: ‘ಶ್ರೀಧರ ಎಂದು ಕೊಟ್ಟರೆ ತಪ್ಪು ಬರುತ್ತದೆ.’ ಅದಕ್ಕೆ ನನ್ನಿಂದ ಉತ್ತರವಿಲ್ಲ. ಓದಿದ್ದೆನೋ ಇಲ್ಲವೋ ನೆನಪಿಲ್ಲ ಎಂದು ಬರೆಯೋಣ ಅನ್ನಿಸುತ್ತದೆ. ಓದಿದ್ದೆ. ನಾಳೆ ನೋಡಿದರಾಯಿತು ಅಂದುಕೊಂಡಿದ್ದೆ.

ತಪ್ಪು ಏನೆಂದು ಹೇಳಿಬಿಡುತ್ತೇನೆ. ಕಂಪ್ಯೂಟರಿಗಾಗಿ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆಂದು ಮೀಸಲಾದದ್ದು 128 ಜಾಗ. ಸ್ವರ, ವ್ಯಂಜನ, ಕಾಗುಣಿತದ ಚಿಹ್ನೆ, ಅಂಕಿ ಎಲ್ಲಕ್ಕೂ ಅಲ್ಲಿ ಮನೆಯಿದೆ, ಒತ್ತಕ್ಷರಕ್ಕೆ ಇಲ್ಲ. ಒತ್ತು ಅನ್ನುವುದು ಹುಟ್ಟುವುದೇ ಎರಡು ವ್ಯಂಜನಗಳ ನಡುವೆ ವಿರಾಮ, ಅಂದರೆ ‘ಶ’ವನ್ನು ‘ಶ್’ ಮಾಡುವ ಚಿಹ್ನೆ, ಬಂದಾಗ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾಗಿರುವ ‘ಶ್ರೀ’ ಯಂತ್ರಕ್ಕೆ ನಾಲ್ಕು: ಶ, ವಿರಾಮ, ರ, ಈ ಕಾರ. ‘ಲಕ್ಷ್ಮೀ’ ಎರಡಕ್ಷರ, ಯಂತ್ರಕ್ಕೆ ಏಳು. ನನ್ನ ಕೋಡ್ ವಿರಾಮವನ್ನೂ ಕಾಗುಣಿತದ ಇನ್ನೊಂದು ಚಿಹ್ನೆ ಅಂದುಕೊಂಡು, ‘ಶ್’ ಎತ್ತಿಕೊಂಡು ಕೆಲಸ ಮುಗಿಯಿತೆಂದು ಹೊರಟುಬಿಡುತ್ತದೆ. ನನ್ನ ಹೆಸರಿನಲ್ಲಿ ಒತ್ತಕ್ಷರವಿಲ್ಲ. ಪರೀಕ್ಷೆ ಮಾಡಿದ್ದು ಆ ಒಂದೇ ಹೆಸರಿನ ಮೇಲೆ.

ಊಟದವರೆಗೆ ಯಾರಿಗೂ ಏನೂ ಹೇಳಲಿಲ್ಲ. ಅವಳಿಗೆ ಗೊತ್ತಿರಲಾರದು, ಸುಮ್ಮನೆ ‘ಒತ್ತಕ್ಷರ ಗಮನಿಸಿ’ ಎಂದು ಬರೆದರೆ ಮುಗಿಯಿತು ಎಂಬ ಲೆಕ್ಕಾಚಾರವೂ ಮನಸ್ಸಿನಲ್ಲಿ ನಡೆಯಿತು. ಆದರೆ ಅವಳೇ ಕಾಫಿ ಮೆಷಿನ್ ಹತ್ತಿರ ಸಿಕ್ಕಳು. ಮುಖ ಚಿಕ್ಕದಾಗಿತ್ತು.

‘ಸಾರಿ ಸರ್. ಮೊದ್ಲು ಎಐ ಹತ್ರ ಬರೆಸಿದ್ದೆ. ಅದು ಗೀತಾಗೆ ಗ ಕೊಡ್ತು. ಹತ್ತು ಹದಿನೈದು ಹೆಸ್ರು ಹಾಕಿ ಚೆಕ್ ಮಾಡಿ, ಬೇಡ ಅಂತ ಬಿಟ್ಟೆ. ಆಮೇಲೆ ಇದು ಸಿಕ್ತು.’

‘ಇದನ್ನೂ ಹಾಗೇ ಚೆಕ್ ಮಾಡಬಹುದಿತ್ತಲ್ಲ?’

ಅವಳು ಲೋಟ ನೋಡಿದಳು. ‘ಗೀತಾ ಸರಿ ಬಂತು. ಅಷ್ಟರಲ್ಲಿ ಉತ್ರದ ಕೆಳಗಿದ್ದ ಫೋಟೋ ಕಣ್ಣಿಗೆ ಬಿತ್ತು ಸರ್. ನಿಮ್ದೇ ಅಂತ ಗೊತ್ತಾಯ್ತು, ಕೂದ್ಲು ಸ್ವಲ್ಪ ಜಾಸ್ತಿ ಇದೆ ಅಷ್ಟೇ. ಅದಕ್ಕೇ ಟೆಸ್ಟ್ ಬರೀಲಿಲ್ಲ.’

ಬೆಳಿಗ್ಗೆ ನಾನು ಬರೆದ ಕಮೆಂಟ್ ಅವಳ ಇನ್‌ಬಾಕ್ಸಿನಲ್ಲಿದೆ. ಅದು ಯಾರ ಬಗ್ಗೆ ಎಂದು ಓದಿದ ಕ್ಷಣದಿಂದ ಅವಳಿಗೆ ಗೊತ್ತಿದೆ. ಆದರೂ ಸಾರಿ ಕೇಳಿದ್ದು ಅವಳು. ಅದು ನನ್ನ ಕೆಲಸವಾಗಿತ್ತು, ಅಲ್ಲೇ ಮಾಡಿದೆ. ಸೀಟಿಗೆ ಬಂದು ರಿವ್ಯೂನಲ್ಲೂ ಬರೆದೆ: ಬೆಳಗಿನ ಪ್ರಶ್ನೆಗೆ ಉತ್ತರ, ಈ ಕೋಡ್ ಬರೆದವನು ನಾನು. ತಂಡದವರು ಅದಕ್ಕೆ ಹಾಕಿದ ನಗುವ ಇಮೋಜಿಗಳಷ್ಟು ನನ್ನ ಯಾವ ಲಿಂಕ್ಡ್‌ಇನ್ ಪೋಸ್ಟಿಗೂ ಬಿದ್ದಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಕೂತೆವು. ನಾವೇ ಬರೆಯುವುದೇಕೆ, ಬ್ರೌಸರಿನಲ್ಲಿ ಈಗ ಪದವನ್ನು ಅಕ್ಷರಗಳಾಗಿ ಬಿಡಿಸುವ ಸೆಗ್ಮೆಂಟರ್ ಇದೆಯಲ್ಲ ಎಂದು ಅದಕ್ಕೆ ‘ಶ್ರೀಧರ’ ಕೊಟ್ಟೆವು. ಶ್, ರೀ, ಧ, ರ ಎಂದು ನಾಲ್ಕು ತುಂಡು ಮಾಡಿತು. ‘ಶ್ರೀ’ಯನ್ನೇ ಸೀಳಿಬಿಟ್ಟಿದೆ. ಅಂದರೆ ನನ್ನ 2014ರ ತಪ್ಪನ್ನೇ ಹೆಚ್ಚು ಗತ್ತಿನಿಂದ ಮಾಡುತ್ತಿದೆ. ಹುಡುಕಿದಾಗ ಕಾರಣ ಸಿಕ್ಕಿತು. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿ ಒತ್ತಕ್ಷರವನ್ನು ಒಡೆಯದೆ ಒಂದೇ ತುಂಡಾಗಿ ಹಿಡಿಯುವ ನಿಯಮ ತಂದಿತು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಇಬ್ಬರೂ ಎರಡೆರಡು ಸಲ ಓದಿದೆವು. ಪಕ್ಕದ ತೆಲುಗು ಹುಡುಗ ತನ್ನ ಲಿಪಿಯಲ್ಲಿ ‘ಶ್ರೀ’ ಹಾಕಿ, ಒಡೆಯದೆ ಬಂದ ಅಕ್ಷರ ತೋರಿಸಿ ಹಲ್ಲು ಕಿರಿದ.

ಕೊನೆಗೆ ನಾವೇ ಬರೆದೆವು. ವ್ಯಂಜನ, ಆಮೇಲೆ ವಿರಾಮ ಮತ್ತು ವ್ಯಂಜನದ ಜೋಡಿ ಎಷ್ಟಿದ್ದರೆ ಅಷ್ಟು, ಆಮೇಲೆ ಕಾಗುಣಿತ, ಕೊನೆಗೆ ಸೊನ್ನೆಯಿದ್ದರೆ ಅದು. ಐದು ಸಾಲು. ಹನ್ನೊಂದು ವರ್ಷ ಬಾಕಿಯಿದ್ದದ್ದು ಒಂದು ಸಾಲು.

ಸಂಜೆ ಸ್ಟ್ಯಾಕ್ ಓವರ್‌ಫ್ಲೋದ ಉತ್ತರ ತಿದ್ದಿ, ಮೊದಲಿನದು ತಪ್ಪಿತ್ತು ಎಂದು ಮೇಲೆಯೇ ಹಾಕಿದೆ. 2016ರ ಟಿಪ್ಪಣಿಗೆ ‘ಹೌದು, ನೀವು ಹೇಳಿದ್ದು ಸರಿ’ ಎಂದು ಬರೆದೆ. ಆ ಬಳಕೆದಾರ ಕೊನೆಯ ಸಲ ಅಲ್ಲಿಗೆ ಬಂದು ಆರು ವರ್ಷವಾಗಿದೆಯೆಂದು ಅವರ ಪ್ರೊಫೈಲ್ ಹೇಳುತ್ತಿತ್ತು. ಅಪ್ರೈಸಲ್ ಫಾರ್ಮಿನ ಆರನೇ ಉತ್ತರವನ್ನು ತೆಗೆಯಲಿಲ್ಲ, ತೆಗೆಯಬೇಕು ಅನ್ನಿಸಲೂ ಇಲ್ಲ. ಸಾಲ ಇನ್ನೂ ತೀರಬೇಕು. ‘ಬುಧವಾರ ತಿದ್ದಲಾಗಿದೆ’ ಎಂದು ಸೇರಿಸಿ ಕಳಿಸಿದೆ. ಲಿಂಕ್ಡ್‌ಇನ್ನಿನ ‘ಪರಿಣತ’ನನ್ನು ಮಾತ್ರ ಅಳಿಸಿದೆ.

ಗುರುವಾರ ಹೊಸ ಪುಲ್ ರಿಕ್ವೆಸ್ಟ್ ಬಂತು. ಈ ಸಲ ಮೊದಲು ಟೆಸ್ಟ್ ಫೈಲ್ ತೆರೆದೆ. ಆಫೀಸಿನಲ್ಲೆಲ್ಲ ತಿರುಗಿ, ಮನೆಯವರನ್ನೆಲ್ಲ ಕೇಳಿ ಹೆಸರು ಕೂಡಿಸಿದ್ದಳು: ಶ್ರೀಧರ, ಪ್ರೇಮಾ, ತ್ರಿವೇಣಿ, ಸ್ವರ್ಣ, ಕ್ಷಮಾ, ಜ್ಞಾನೇಶ್ವರಿ, ದ್ಯಾವಮ್ಮ, ಬ್ರಹ್ಮಾನಂದ. ಎಲ್ಲಕ್ಕೂ ಹಸಿರು. ಪಟ್ಟಿಯ ಕಟ್ಟಕಡೆಯಲ್ಲಿ ನನ್ನ ಹೆಸರು. ಅದರ ಪಕ್ಕದಲ್ಲಿ ಅವಳ ಟಿಪ್ಪಣಿ: ‘ಇದು ಹಳೇ ಕೋಡಲ್ಲೂ ಪಾಸ್.’