ಯಾರು ಹೇಳಿದ್ದು, ಯಾರಿಗೆ, ಯಾವ ಹೊತ್ತಿನಲ್ಲಿ?

ನಮ್ಮ ಇಂಗ್ಲಿಷ್ ಎಂ.ಎ. ತರಗತಿಗೆ ಅಮೆರಿಕನ್ ಸಾಹಿತ್ಯವನ್ನು ಪಾಠ ಮಾಡುತ್ತಿದ್ದ ಮೇಷ್ಟ್ರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಈ ಸಂಚಿಕೆಯ ಸಂಪಾದಕರು ಕೇಳಿದಾಗ, ಪಠ್ಯಪಟ್ಟಿಯಲ್ಲಿದ್ದ ಕಾದಂಬರಿಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಬಂದದ್ದೆಲ್ಲ ಪಠ್ಯದಲ್ಲಿ ಇಲ್ಲದ ಅಮೆರಿಕನ್ ಜಾನಪದ. ಪರೀಕ್ಷೆಗೆ ಬರುವುದಿಲ್ಲವೆಂದು ಗೊತ್ತಿದ್ದೂ ನಾವು ಶನಿವಾರದ ಮಧ್ಯಾಹ್ನ ಊಟ ಬಿಟ್ಟು ಕೇಳುತ್ತಿದ್ದ ಪಾಠ ಅದೊಂದೇ.

ಮೇಷ್ಟ್ರು ಎಪ್ಪತ್ತರ ದಶಕದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಬ್ಲೂಮಿಂಗ್ಟನ್ನಿನಲ್ಲಿ ಓದಿ ಬಂದವರು. ಸ್ಟಿತ್ ಥಾಂಪ್ಸನ್ ಕಟ್ಟಿ ಬೆಳೆಸಿದ, ಆಗ ರಿಚರ್ಡ್ ಡಾರ್ಸನ್ ನಡೆಸುತ್ತಿದ್ದ ಜಾನಪದ ವಿಭಾಗದ ಋಣ ಅವರ ಮಾತಿನಲ್ಲೆಲ್ಲ ಕಾಣುತ್ತಿತ್ತು. ನಮ್ಮ ಎ.ಕೆ. ರಾಮಾನುಜನ್ ಪಿಎಚ್.ಡಿ. ಪಡೆದದ್ದೂ ಅದೇ ವಿಶ್ವವಿದ್ಯಾಲಯದಲ್ಲಿ ಎಂದು ಹೇಳುವಾಗ ಮಾತ್ರ ಅವರ ಎದೆ ಸ್ವಲ್ಪ ಉಬ್ಬುತ್ತಿತ್ತು.

“ಇನ್ನೂರು ವರ್ಷದ ದೇಶಕ್ಕೆ ಜಾನಪದ ಎಲ್ಲಿಂದ ಬರಬೇಕು ಸಾರ್?” ಎಂದು ಮೊದಲ ದಿನವೇ ನಮ್ಮಲ್ಲೊಬ್ಬ ಕೇಳಿದ. ಮೇಷ್ಟ್ರು ಸಿಟ್ಟಾಗಲಿಲ್ಲ. 1888ರಲ್ಲಿ ಅಮೆರಿಕನ್ ಜಾನಪದ ಸಂಘ ಹುಟ್ಟಿದಾಗ ಅದರ ಸ್ಥಾಪಕರು ಏನನ್ನು ಸಂಗ್ರಹಿಸಬೇಕೆಂದು ಹೊರಟರು ಎಂಬುದನ್ನು ಬೋರ್ಡಿನ ಮೇಲೆ ಬರೆದರು: ಇಂಗ್ಲೆಂಡಿನಿಂದ ಬಂದವರ ಹಳೆಯ ಕಥನಗೀತೆ ಮತ್ತು ನಂಬಿಕೆಗಳು, ದಕ್ಷಿಣದ ಕಪ್ಪು ಜನರ ಕಥೆಗಳು, ಮೂಲನಿವಾಸಿಗಳ ಪುರಾಣಗಳು, ಫ್ರೆಂಚ್ ಕೆನಡಾ ಮತ್ತು ಮೆಕ್ಸಿಕೊಗಳ ಪರಂಪರೆ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, “ಇದರಲ್ಲಿ ಇನ್ನೂರು ವರ್ಷದ್ದು ಯಾವುದಪ್ಪಾ?” ಎಂದರು. ಅಷ್ಟಕ್ಕೇ ನಿಲ್ಲಿಸದೆ, ಹಳ್ಳಿಯ ಮುದುಕರ ಬಳಿ ಮಾತ್ರ ಜಾನಪದ ಇರುತ್ತದೆಂಬ ನಮ್ಮ ನಂಬಿಕೆಯನ್ನೂ ಅದೇ ಗಂಟೆಯಲ್ಲಿ ಕೆಡವಿದರು. ಕಾರ್ಖಾನೆ, ರೈಲ್ವೆ, ಹಾಸ್ಟೆಲು, ಆಸ್ಪತ್ರೆ, ಎಲ್ಲಿ ನಾಲ್ಕು ಜನ ಒಂದೇ ಕೆಲಸ ಮಾಡುತ್ತಾ ಒಂದೇ ನಗೆ ನಗುತ್ತಾರೋ ಅಲ್ಲೆಲ್ಲ ಅದು ಇದೆ ಎನ್ನುವುದು ಅವರ ಪಾಠದ ಅಡಿಪಾಯ.

ಅದನ್ನು ಅವರು ಇಬ್ಬರು ದೈತ್ಯರನ್ನು ಎದುರುಬದುರು ನಿಲ್ಲಿಸಿ ಕಲಿಸಿದರು. ಒಬ್ಬ ಪಾಲ್ ಬನ್ಯನ್. ನೀಲಿ ಎತ್ತಿನ ಜೊತೆ ಕಾಡು ಕಡಿಯುವ ಈ ಮರಕಡಿಯುವವನ ಬಗ್ಗೆ ಕೂಲಿಕಾರರ ಬಿಡಾರಗಳಲ್ಲಿ ಒಂದಿಷ್ಟು ಬೊಗಳೆ ಕಥೆಗಳಿದ್ದದ್ದು ನಿಜವಾದರೂ, ಅವನನ್ನು ದೇಶದ ಮನೆಮನೆಗೆ ತಲುಪಿಸಿದ್ದು ರೆಡ್ ರಿವರ್ ಎಂಬ ಮರದ ಕಂಪನಿ 1914ರಿಂದ ಹಂಚಿದ ಜಾಹೀರಾತು ಪುಸ್ತಿಕೆಗಳು. ಇಂಥದ್ದಕ್ಕೇ ಡಾರ್ಸನ್ 1950ರಲ್ಲಿ ‘ಫೇಕ್‌ಲೋರ್’, ಅಂದರೆ ಹುಸಿ ಜಾನಪದ, ಎಂದು ಹೆಸರಿಟ್ಟು ಜಗಳ ತೆಗೆದದ್ದು. ಇನ್ನೊಬ್ಬ ಜಾನ್ ಹೆನ್ರಿ. ರೈಲು ಸುರಂಗ ಕೊರೆಯುವ ಕಪ್ಪು ಕೂಲಿ, ಉಗಿಯಂತ್ರದ ಬೈರಿಗೆಯ ಜೊತೆ ಪಂದ್ಯ ಕಟ್ಟಿ ಗೆದ್ದು, ಸುತ್ತಿಗೆ ಹಿಡಿದೇ ಸತ್ತವನು. ವೆಸ್ಟ್ ವರ್ಜೀನಿಯಾದ ಬಿಗ್ ಬೆಂಡ್ ಸುರಂಗದ ಹಳೆಯ ಕೆಲಸಗಾರರನ್ನು ವಿದ್ವಾಂಸರು 1920ರ ದಶಕದಲ್ಲಿ ಹುಡುಕಿಕೊಂಡು ಹೋದರೆ, ಕಣ್ಣಾರೆ ಕಂಡೆನೆಂದವನೂ ಸಿಕ್ಕ, ಅಂಥವನೇ ಇರಲಿಲ್ಲವೆಂದವನೂ ಸಿಕ್ಕ. “ಮೊದಲನೆಯವನಿಗೆ ಕಂಪನಿಯ ಸಾಕ್ಷಿ ಇದೆ, ಎರಡನೆಯವನಿಗೆ ಸುತ್ತಿಗೆ ಹಿಡಿದವರ ಹಾಡಿದೆ” ಎಂದು ಹೇಳಿ ಮೇಷ್ಟ್ರು ಸುಮ್ಮನಾದರು. ಆ ಮೇಲೆ ಡೆಸ್ಕನ್ನು ಸುತ್ತಿಗೆಯ ಲಯಕ್ಕೆ ಕುಟ್ಟುತ್ತಾ ಹಾಡಿಯೂ ತೋರಿಸಿದರು. ಕಂಠ ಮಾತ್ರ ಸುಮಾರು.

ಡಾಂಬರು ಬೊಂಬೆಯ ಪಾಠವೂ ಹಾಗೆಯೇ. ಜೋಯೆಲ್ ಚಾಂಡ್ಲರ್ ಹ್ಯಾರಿಸ್ 1880ರಲ್ಲಿ ಅಚ್ಚು ಹಾಕಿಸಿದ ಕಪ್ಪು ಜನರ ಕಥೆಗಳಲ್ಲಿ ಮೊಲವೊಂದು ನರಿ ಒಡ್ಡಿದ ಬೊಂಬೆಗೆ ಹೊಡೆಯಹೋಗಿ ಕೈಕಾಲು ತಲೆ ಎಲ್ಲವನ್ನೂ ಅಂಟಿಸಿಕೊಳ್ಳುತ್ತದೆ. ಜಾತಕ ಕಥೆಯ ರಾಜಕುಮಾರನೊಬ್ಬ ಯಕ್ಷನಿಗೆ ಹೀಗೆಯೇ ಐದು ಕಡೆ ಅಂಟಿಕೊಳ್ಳುತ್ತಾನೆಂದೂ, ಎಸ್ಪಿನೋಸಾ ಎಂಬ ವಿದ್ವಾಂಸ ಇದರ ಮೂಲ ಭಾರತವೆಂದು ವಾದಿಸಿದನೆಂದೂ ಹೇಳಿದ ಕೂಡಲೇ ನಾವು ಬೆಂಚು ಬಡಿದೆವು. ಆಫ್ರಿಕಾವೇ ಮೂಲವೆನ್ನುವವರೂ ಇದ್ದಾರೆ, ಕೂತ್ಕೊಳ್ಳಿ ಎಂದು ಗದರಿದ ಮೇಷ್ಟ್ರು, ಜಾರ್ಜಿಯಾದ ತೋಟದಲ್ಲಿ ಗುಲಾಮನಾಗಿದ್ದವನು ಕಥೆ ಹೇಳುವಾಗ ಮೊಲ ಯಾಕೆ ನರಿಯನ್ನು ಗೆಲ್ಲಲೇಬೇಕು ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಅವರು ಪಕ್ಕದ ತರಗತಿಯಲ್ಲೂ ಉಲ್ಲೇಖಿಸಿದ್ದರೆಂಬುದನ್ನು ಇಲ್ಲಿ ದಾಖಲಿಸದೆ ಹೋದರೆ ನನ್ನ ಗೆಳೆಯರೇ ಬೇಸರಪಟ್ಟಾರು.

ಓದಿದರೆ ಸಾಲದು, ನಾವೂ ಸಂಗ್ರಹಿಸಬೇಕಿತ್ತು. ಅಂಗೈ ಅಗಲದ ಕಾರ್ಡಿನ ಮೇಲೆ ಕಥೆ. ಹಿಂಬದಿಯಲ್ಲಿ ಹೇಳಿದವರ ಹೆಸರು, ವಯಸ್ಸು, ಕಸುಬು, ಊರು, ಯಾರಿಂದ ಕೇಳಿದ್ದು, ಆಗ ಯಾರ್‍ಯಾರು ಕೂತಿದ್ದರು ಎಂಬ ವಿವರ. ಇವೆಲ್ಲ ಬಾಟಾ ಚಪ್ಪಲಿಯ ಖಾಲಿ ಪೆಟ್ಟಿಗೆಗಳಲ್ಲಿ ಅಕಾರಾದಿಯಾಗಿ ಕೂರುತ್ತಿದ್ದವು.

ಆ ಪೆಟ್ಟಿಗೆಗೆ ಹಾಸ್ಟೆಲಿನ ನಾವು ಮೂವರು ಸೇರಿ ಒಂದು ಸುಳ್ಳು ಕಾರ್ಡು ಸೇರಿಸಿದೆವು. ನಂಜನಗೂಡು ರಸ್ತೆಯಲ್ಲಿ ಸರಿರಾತ್ರಿ ಸ್ಕೂಟರಿನವನೊಬ್ಬ ಹೆಂಗಸಿಗೆ ಲಿಫ್ಟ್ ಕೊಡುತ್ತಾನೆ, ಚಳಿಯೆಂದು ಶಾಲು ಹೊದಿಸುತ್ತಾನೆ, ತಿರುಗಿ ನೋಡಿದರೆ ಅವಳಿಲ್ಲ. ಮಾರನೆಯ ದಿನ ಶಾಲು ಒಂದು ಸಮಾಧಿಯ ಮೇಲೆ ಸಿಗುತ್ತದೆ. ಹೇಳಿದವರು: ಬಸ್ ಕಂಡಕ್ಟರ್, ಐವತ್ತು ವರ್ಷ. ಮೇಷ್ಟ್ರು ಕಾರ್ಡನ್ನು ಒಮ್ಮೆ ನೋಡಿ, ಹಸಿರು ಶಾಯಿಯಲ್ಲಿ ‘ಇ 332.3.3.1’ ಎಂದು ಬರೆದು ನಮ್ಮ ಕೈಗಿಟ್ಟರು. ಅದು ಜನಪದ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳಿಗೆ ಸಂಖ್ಯೆ ಕೊಟ್ಟ ಥಾಂಪ್ಸನ್ನರ ಆಶಯ ಸೂಚಿಯಲ್ಲಿ ದಾರಿಯಲ್ಲಿ ಮಾಯವಾಗುವ ಪ್ರಯಾಣಿಕಳ ಸಂಖ್ಯೆ! “ಯಾರು ಹೇಳಿದ್ದು, ಯಾರಿಗೆ, ಯಾವ ಹೊತ್ತಿನಲ್ಲಿ? ಸೋಮವಾರ ಆ ಕಂಡಕ್ಟರನ್ನ ಕರಕೊಂಡು ಬನ್ನಿ, ಕಾಫಿ ನಾನು ಕುಡಿಸ್ತೀನಿ” ಎಂದರು. ಕಂಡಕ್ಟರ್ ಬರಲಿಲ್ಲ. ಶಿಕ್ಷೆಯಾಗಿ ಹೈದರಾಬಾದಿನ ಅಮೆರಿಕನ್ ಅಧ್ಯಯನ ಸಂಶೋಧನಾ ಕೇಂದ್ರದಿಂದ ಅವರು ತಂದಿದ್ದ ಜೆರಾಕ್ಸ್ ಪ್ರತಿಯೊಂದರ ಸಾರಾಂಶ ಬರೆಯಬೇಕಾಯಿತು. ಬಿಯರ್ಡ್ಸ್‌ಲಿ ಮತ್ತು ಹ್ಯಾಂಕಿ 1942-43ರಲ್ಲಿ ಪ್ರಕಟಿಸಿದ ಆ ಬರಹದಲ್ಲಿ ಇದೇ ಕಥೆಯ 79 ಪಾಠಾಂತರಗಳಿದ್ದವು. ಕೆಲವದರಲ್ಲಿ ಸಮಾಧಿಯ ಮೇಲೆ ಕೋಟು ಸಿಗುತ್ತದೆ, ಹವಾಯಿಯಲ್ಲಿ ಆ ಹೆಂಗಸು ಜ್ವಾಲಾಮುಖಿಯ ದೇವತೆ ಪೆಲೆಯೇ ಆಗಿಬಿಡುತ್ತಾಳೆ.

ಮರುವರ್ಷ ಕಿರಿಯ ವಿದ್ಯಾರ್ಥಿಯೊಬ್ಬ ಅದೇ ನಂಜನಗೂಡು ರಸ್ತೆಯ ಕಥೆಯನ್ನು ಹಾಸ್ಟೆಲಿನ ಅಡುಗೆಯವರಿಂದ ಕೇಳಿ ಬರೆದು ತಂದ. ಸ್ಕೂಟರು ಲಾರಿಯಾಗಿತ್ತು, ಶಾಲು ಕಂಬಳಿಯಾಗಿತ್ತು. ಹೇಳಿದವರು ಯಾರೆಂಬುದು ಖಚಿತವಾಗಿತ್ತು. ಮೇಷ್ಟ್ರು ಅವನಿಗೆ ಪೂರ್ಣ ಅಂಕ ಕೊಟ್ಟರು. “ನಾವು ಕಟ್ಟಿದ್ದು ಸಾರ್ ಅದು” ಎಂದು ನಾವು ಹಕ್ಕು ಕೇಳಿಕೊಂಡು ಹೋದರೆ, “ನೀವು ಕಟ್ಟಿದಾಗ ಅದು ಸುಳ್ಳು, ಅಡುಗೆ ಭಟ್ಟರು ಹೇಳಿದ ಮೇಲೆ ಜಾನಪದ; ನಿಮಗೂ ಅದಕ್ಕೂ ಈಗ ಏನು ಸಂಬಂಧ?” ಎಂದು ಬಾಗಿಲಿನಲ್ಲೇ ಕಳಿಸಿದರು. ಈಚೆಗೆ ನನ್ನ ತಂಗಿಯ ಮಗಳು ಆ ಕಥೆಯನ್ನು ನನಗೇ ಹೆದರಿಸಿ ಹೇಳಿದಳು. ನಾನು ಪ್ರಕಟಿಸಿರುವ ಯಾವ ಲೇಖನಕ್ಕೂ ಅಷ್ಟು ಓದುಗರು ದಕ್ಕಿಲ್ಲ.

ಈಗಿನ ಸೆಮಿಸ್ಟರಿನಲ್ಲಿ ಜಾನಪದ ಸಂಗ್ರಹಕ್ಕೆ ಪಠ್ಯಪಟ್ಟಿಯಲ್ಲಿ ಅಧಿಕೃತವಾಗಿಯೇ ಒಂದು ಪತ್ರಿಕೆ ಇದೆ. ಕಳೆದ ಬಾರಿ ಮೌಖಿಕ ಪರೀಕ್ಷೆಗೆ ಹೋದಾಗ ಬಣ್ಣದ ಚಿತ್ರಗಳಿದ್ದ, ಚೆಂದದ ಬೈಂಡಿನ ವರದಿಗಳನ್ನು ನೋಡಿದೆ; ಹೇಳಿದವರ ಹೆಸರಿದ್ದ ವರದಿ ಒಂದೂ ಇರಲಿಲ್ಲ. ಹುಡುಗರನ್ನು ದೂರುವುದಿಲ್ಲ. ಹದಿನಾರು ವಾರದಲ್ಲಿ ಮೂರು ಕಿರುಪರೀಕ್ಷೆ ಮುಗಿಸಬೇಕಾದವರು ಯಾವ ಅಡುಗೆಮನೆಯಲ್ಲಿ ಕೂತು ಯಾರ ಕಥೆ ಕೇಳಬೇಕು?

ಮೇಷ್ಟ್ರ ಮನೆಯವರು ಆ ಪೆಟ್ಟಿಗೆಗಳನ್ನು ನನಗೆ ಒಪ್ಪಿಸಿದ್ದಾರೆ. ಜಾಗವಿಲ್ಲವೆಂದು ಎರಡು ಕಡೆ ಉತ್ತರ ಬಂದಿದೆ. ಸದ್ಯಕ್ಕೆ ನಮ್ಮ ಮನೆಯ ಅಟ್ಟದಿಂದ ಇಳಿಸಿ, ಗೆದ್ದಲು ಹತ್ತಿದವನ್ನು ಬೇರ್ಪಡಿಸಿ, ಉಳಿದವನ್ನು ಊರಿನ ಪ್ರಕಾರ ಜೋಡಿಸುತ್ತಿದ್ದೇನೆ. ಆ ವರ್ಷಗಳಲ್ಲಿ ಕಾರ್ಡು ಬರೆದವರು ಭಾನುವಾರ ಬಂದು ತಮ್ಮ ಕೈಬರಹವನ್ನು ಗುರುತಿಸಿಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ.