ವೆಲ್ಲೂರು ಕೋಟೆಯಲ್ಲಿ ಮುಸ್ತಫಾ ಬೇಗ್‌ನ ನೆನಪು

ಕಾಟ್ಪಾಡಿಯಲ್ಲಿ ರೈಲಿಳಿದು ಬಸ್ಸು ಹತ್ತಿದೆ. ಪಾಲಾರ್ ಸೇತುವೆ ದಾಟುವಾಗ ಕೆಳಗೆ ನೀರಿಗಿಂತ ಮರಳೇ ಹೆಚ್ಚು. ಸ್ವಲ್ಪ ಹೊತ್ತಿಗೆ ಕೋಟೆ ಕಾಣಿಸಿತು. ಸುತ್ತ ನೀರು ತುಂಬಿದ ಅಗಲವಾದ ಕಂದಕ, ಅದರಾಚೆ ಕಗ್ಗಲ್ಲಿನ ಗೋಡೆ. ವಿಜಯನಗರದ ಕಾಲದ ಕಟ್ಟಡ. ವೆಲ್ಲೂರಿಗೆ ಬಂದವರು ಕೋಟೆಯೊಳಗಿನ ಜಲಕಂಠೇಶ್ವರ ಗುಡಿಯ ಕಲ್ಯಾಣಮಂಟಪ ನೋಡದೆ ಹೋಗುವುದಿಲ್ಲ, ನಾನೂ ನೋಡಿದೆ. ಆದರೆ ನಾನು ಬಂದಿದ್ದು 1806ರ ವೆಲ್ಲೂರು ಸಿಪಾಯಿ ದಂಗೆಯ ಸುಳಿವನ್ನು ಮೊದಲೇ ಕೊಟ್ಟ ಮುಸ್ತಫಾ ಬೇಗ್ ಎಂಬ ಸಿಪಾಯಿಗಾಗಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನೂ ಮನೆಮಂದಿಯನ್ನೂ ಈಸ್ಟ್ ಇಂಡಿಯಾ ಕಂಪನಿ ತಂದು ಇರಿಸಿದ್ದು ಈ ಕೋಟೆಯ ಮಹಲುಗಳಲ್ಲಿ. ಕಾವಲಿಗೆ ಮದರಾಸು ಸೈನ್ಯದ ಸಿಪಾಯಿಗಳ ಜೊತೆ 69ನೇ ರೆಜಿಮೆಂಟಿನ ಬಿಳಿ ಸೈನಿಕರೂ ಇದ್ದರು. ಹೊಸ ಸೇನಾ ನಿಯಮಗಳು ಬಂದವು. ಕವಾಯತಿನಲ್ಲಿ ಹಣೆಗೆ ನಾಮ, ವಿಭೂತಿ ಇರಬಾರದು, ಕಿವಿಗೆ ಒಂಟಿ ಇರಬಾರದು, ಗಡ್ಡ ಬೋಳಿಸಬೇಕು. ತಲೆಗೆ ಹೊಸ ನಮೂನೆಯ ರುಮಾಲು, ಅದಕ್ಕೆ ತೊಗಲಿನ ಬಿಲ್ಲೆ. ನೋಡಿದವರಿಗೆ ಅದು ಫರಂಗಿ ಟೊಪ್ಪಿಗೆಯಂತೆಯೇ ಕಂಡಿತು. ಒಲ್ಲೆನೆಂದವರಿಗೆ ಛಡಿ ಏಟು.

1806ರ ಜೂನ್‌ನಲ್ಲೇ ಮುಸ್ತಫಾ ಬೇಗ್ ತನ್ನ ಕರ್ನಲ್ ಬಳಿಗೆ ಹೋಗಿ, ದಂಗೆಗೆ ಸಂಚು ನಡೆದಿದೆ ಎಂದು ಹೇಳಿದ. ಕರ್ನಲ್ ಆ ಮಾತನ್ನು ಪರೀಕ್ಷಿಸಲು ಒಪ್ಪಿಸಿದ್ದು ದೇಶೀ ಅಧಿಕಾರಿಗಳಿಗೆ. ಅವರಲ್ಲೇ ಸಂಚಿನ ಪಾಲುದಾರರಿದ್ದರು. ಇವನ ಮಾತು ನಂಬುವಂಥದ್ದಲ್ಲ ಎಂದು ಅವರು ತೀರ್ಪು ಕೊಟ್ಟರು. ಕಣ್ಣಾರೆ ಕಂಡದ್ದನ್ನು ಹೇಳಿದವನ ಕೈಕಾಲಿಗೆ ಸಂಕೋಲೆ ಬಿತ್ತು.

ಕೋಟೆಯೊಳಗೆ ನಡೆಯುತ್ತಾ ನನ್ನನ್ನು ಕಾಡಿದ್ದು ಇದೇ. ಮೈಸೂರು ಸೀಮೆಯಿಂದ ಹೋದ ನನಗೆ ಆ ಸಿಪಾಯಿಗಳ ಮೇಲೆಯೇ ಮನಸ್ಸು. ಮುಸ್ತಫಾ ಬೇಗ್ ಅವರನ್ನು ಹಿಡಿದುಕೊಟ್ಟವನು. ಆದರೂ ಅವನನ್ನು ದ್ರೋಹಿ ಎನ್ನಲು ನಾಲಿಗೆ ಏಳಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ.

ಜುಲೈ 9ರಂದು ಮಹಲಿನಲ್ಲಿ ಟಿಪ್ಪುವಿನ ಮಗಳ ಮದುವೆ. ಆ ರಾತ್ರಿ ಕಳೆದು 10ರ ನಸುಕಿನಲ್ಲಿ, ಸುಮಾರು ಎರಡು ಗಂಟೆಗೆ ಗುಂಡು ಹಾರತೊಡಗಿತು. ನಿದ್ದೆಯಲ್ಲಿದ್ದ ಬಿಳಿ ಸೈನಿಕರು ಬ್ಯಾರಕ್ಕಿನಲ್ಲೇ ಸತ್ತರು. ಕೋಟೆಯ ದಳಪತಿ ಫ್ಯಾನ್‌ಕೋರ್ಟ್ ಗುಂಡೇಟಿಗೆ ಬಲಿಯಾದ. ಅವನ ಹೆಂಡತಿ ಮಕ್ಕಳೊಂದಿಗೆ ಕೋಳಿಗೂಡಿನಲ್ಲಿ ಅಡಗಿ ಬದುಕಿ, ಆ ರಾತ್ರಿಯ ಕಥೆ ಬರೆದಿಟ್ಟಳು. ಹುಲಿಪಟ್ಟೆಯ ಮೈಸೂರು ಬಾವುಟ ಕೋಟೆಯ ಮೇಲೇರಿತು. 1857ರ ಸಿಪಾಯಿ ದಂಗೆಗೂ 51 ವರ್ಷ ಮೊದಲು!

ಆದರೆ ಸಿಪಾಯಿಗಳು ಬಾಗಿಲ ಕಾವಲು ಬಿಟ್ಟು ಲೂಟಿಗೆ ಇಳಿದರು. ಓದುವಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಹೊರಗಿದ್ದ ಮೇಜರ್ ಕೋಟ್ಸ್ ಕುದುರೆ ಹತ್ತಿ ಆರ್ಕಾಟಿಗೆ ಓಡಿದ್ದ. ಬೆಳಗಾಗುವಷ್ಟರಲ್ಲಿ ಅಲ್ಲಿನ ಬ್ರಿಟಿಷ್ ಅಧಿಕಾರಿ ಗಿಲೆಸ್ಪಿ ಕುದುರೆ ದಳದೊಂದಿಗೆ ಹೊರಟುಬಂದ. ಬಾಗಿಲ ಮೇಲಿನ ಗೋಡೆಯಲ್ಲಿ 69ನೆಯವರು ಕೆಲವರು ಇನ್ನೂ ಬದುಕಿದ್ದರು. ಇಳಿಬಿಟ್ಟ ಹಗ್ಗ ಹಿಡಿದು ಅವನು ಮೇಲೇರಿದ. ಹಿಂದಿನಿಂದ ಬಂದ ಫಿರಂಗಿಗಳು ಬಾಗಿಲು ಒಡೆದವು.

ಮಹಲಿನಲ್ಲಿ ಸೇರಿಕೊಂಡಿದ್ದ ಸುಮಾರು ನೂರು ಸಿಪಾಯಿಗಳನ್ನು ಹೊರಗೆಳೆದು, ಗೋಡೆಗೆ ಒತ್ತಿ ನಿಲ್ಲಿಸಿ ಗುಂಡಿಟ್ಟರು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಮಹಲುಗಳ ಮುಂದೆ ತುಂಬಾ ಹೊತ್ತು ನಿಂತೆ. ಆ ನೂರು ಜನರಲ್ಲಿ ಒಬ್ಬರನ್ನಾದರೂ ಹೆಸರಿಟ್ಟು ನೆನೆಯೋಣವೆಂದರೆ ನನ್ನ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಫ್ಯಾನ್‌ಕೋರ್ಟ್, ಗಿಲೆಸ್ಪಿ, ಕೋಟ್ಸ್ ಮಾತ್ರ ಸಾಲಾಗಿ ಬಂದರು.

ಮುಸ್ತಫಾ ಬೇಗ್‌ನ ಸಂಕೋಲೆ ಬಿಚ್ಚಿದರು. 2,000 ಪಗೋಡ (ಆಗಿನ ಚಿನ್ನದ ನಾಣ್ಯ) ಇನಾಮು, ಸುಬೇದಾರನ ಪಿಂಚಣಿ. ಹೊಸ ರುಮಾಲಿನ ಆಜ್ಞೆ ರದ್ದಾಯಿತು. ದಂಡನಾಯಕ ಕ್ರಾಡಾಕ್, ಗವರ್ನರ್ ಬೆಂಟಿಂಕ್ ಇಬ್ಬರನ್ನೂ ವಾಪಸು ಕರೆಸಿಕೊಂಡರು. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು.

ಸಂಜೆ ಹೊರಗೆ ಬಂದು ದಂಗೆಯ ಸ್ಮಾರಕ ಸ್ತಂಭದ ಹತ್ತಿರ ಹೋದೆ. ಅದರ ಪಕ್ಕದಲ್ಲೇ ವಾಹನಗಳ ಗದ್ದಲ. ಬಸ್ ನಿಲ್ದಾಣದಲ್ಲಿ ಕಂಡಕ್ಟರು "ಆರ್ಕಾಡು, ಆರ್ಕಾಡು" ಎಂದು ಕೂಗುತ್ತಿದ್ದ. ಕೋಟ್ಸ್ ಕುದುರೆ ಓಡಿಸಿದ ಆ 25 ಕಿಲೋಮೀಟರ್ ದಾರಿಯನ್ನು ನೋಡಿಬಿಡೋಣವೆಂದು ಹತ್ತಿ ಕುಳಿತೆ. ಒಂದು ಗಂಟೆಯೊಳಗೆ ಆರ್ಕಾಟು ಬಂತು.